ಹದಿನಾಲ್ಕನೇ ನಂಬರಿನ ತಾಯಿ

ನನ್ನ ಮಗಳು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಎರಡು ವರ್ಷ, ಮೇಲೆ ಮೂರು ವಾರ ಆಡಿದಳು. ಅಷ್ಟರಲ್ಲಿ ನಾನು ನೋಡಿದ್ದು ಮೂರು ಮ್ಯಾಚು. ಅವಳ ಲೆಕ್ಕದಲ್ಲಿ ಎರಡೇ. ಆಮೇಲೆ ಅವಳು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆಟ ಬಿಟ್ಟು ಮನೆ ಸೇರಿದ ಮೇಲೆ, ಅದೇ ತಂಡ ತನ್ನ ಕಾಲೇಜಿನಲ್ಲಿ ಆಡಿದ ಒಂದು ಮ್ಯಾಚನ್ನೂ ಎರಡು ತಿಂಗಳು ನಾನು ಬಿಡಲಿಲ್ಲ. ಕೇಳಿದವರಿಗೆ ನಗು ಬರಬಹುದು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಶೋರ್‌ಲೈನ್ ಅನ್ನುವ ಊರಿನ ನಮ್ಮ ಮನೆಯಿಂದ ಅವಳ ಕಾಲೇಜು ದಕ್ಷಿಣಕ್ಕೆ ಒಂದು ಗಂಟೆಯ ದಾರಿ, ಟ್ರಾಫಿಕ್ ಇದ್ದರೆ ಎರಡು. ಸಣ್ಣ ಕಾಲೇಜು. ಈ ಕಡೆಯ ಎಂಟೊಂಬತ್ತು ಅಂಥದ್ದೇ ಕಾಲೇಜುಗಳು ಸೇರಿ ಒಂದು ಕೂಟ ಮಾಡಿಕೊಂಡಿವೆ, ಕಾನ್ಫರೆನ್ಸ್ ಅಂತಾರೆ. ಚಳಿಗಾಲವಿಡೀ ತಮ್ಮತಮ್ಮೊಳಗೇ ಆಡುತ್ತವೆ. ಫೆಬ್ರವರಿ ಕೊನೆಗೆ ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್, ಅಂದರೆ ಸೆಮಿಫೈನಲ್, ಫೈನಲ್. ಟಿವಿಯಲ್ಲಿ ಬರುವುದಿಲ್ಲ, ಪೇಪರಿನಲ್ಲಿ ಬರುವುದಿಲ್ಲ, ಆಡಿದವರಿಗೆ ಸ್ಕಾಲರ್‌ಶಿಪ್ಪೂ ಇಲ್ಲ. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಒಂದೇ: ಕೆಮಿಸ್ಟ್ರಿ ಓದಬೇಕಾದ ಹೊತ್ತಿನಲ್ಲಿ ಮಗಳು ಚೆಂಡಿನ ಹಿಂದೆ ಓಡುತ್ತಿದ್ದಾಳೆ.

ನನ್ನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ, ರಕ್ತದ ಪರೀಕ್ಷೆ ಮಾಡುವ ವಿಭಾಗ. ಶುಕ್ರವಾರ, ಶನಿವಾರ ನನಗೆ ಶಿಫ್ಟ್; ಮ್ಯಾಚ್‌ಗಳೂ ಶುಕ್ರವಾರ, ಶನಿವಾರ. ಇದನ್ನೇ ನೆಪ ಮಾಡಿಕೊಂಡಿದ್ದೆ. ಕೇಳಿದ್ದರೆ ಶಿಫ್ಟ್ ಬದಲಾಯಿಸಿ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಒಮ್ಮೆ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದಾಗ ಯಾರೋ, "ಬ್ಯಾಸ್ಕೆಟ್‌ಬಾಲ್ ಆಡಿ ಡಾಕ್ಟರ್ ಆದವರನ್ನ ಯಾರಾದ್ರೂ ನೋಡಿದ್ದೀರಾ?" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮಗಳು ಅಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ಯಾವ ಭಾಷೆಯಲ್ಲೂ ಉತ್ತರ ಕೊಡಲಿಲ್ಲ.

ಗಂಡ ಎಲ್ಲ ಮ್ಯಾಚಿಗೂ ಹೋಗುತ್ತಿದ್ದರು. ವಿಮಾನದ ಕಂಪನಿಯಲ್ಲಿ ಎಂಜಿನಿಯರ್, ಮಾತು ಕಮ್ಮಿ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ, ಗ್ಯಾಲರಿಯ ಮೂಲೆಯಲ್ಲಿ ಕೂತು, ಮಗಳು ಆಡುವುದನ್ನು ಫೋನಿನಲ್ಲಿ ತೆಗೆದು ನನಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಎರಡು ನಿಮಿಷದ್ದು, ಮೂರು ನಿಮಿಷದ್ದು. "ಇದೊಂದು ನೋಡು ಮಾರಾಯ್ತಿ, ನೋಡದೇ ಪಾಸ್ ಕೊಡ್ತಾಳೆ" ಅಂತ ಕೆಳಗೆ ಬರೆದಿರುತ್ತಿದ್ದರು. ನಾನು ಹೆಬ್ಬೆರಳೆತ್ತಿದ ಚಿಹ್ನೆ ಒತ್ತಿ ಸುಮ್ಮನಾಗುತ್ತಿದ್ದೆ. ಒಂದು ದಿನ ಫೋನ್ ತುಂಬಿದೆ, ಜಾಗ ಇಲ್ಲ ಅಂತ ಬಂತು. ಊರಿನ ಮದುವೆಯ ಫೋಟೋಗಳನ್ನು ಇಟ್ಟುಕೊಂಡು ಆ ವಿಡಿಯೋಗಳನ್ನು ಒಟ್ಟಿಗೆ ಅಳಿಸಿದೆ. ಒಂದನ್ನೂ ತೆರೆದು ನೋಡಿರಲಿಲ್ಲ.

ಮೂರನೇ ವರ್ಷದ ಸೀಸನ್ ಶುರುವಾಗಿ ಮೂರು ವಾರ ಆಗಿತ್ತು. ರಿಂಗಿಗೆ ಬಡಿದು ವಾಪಸ್ ಬಂದ ಚೆಂಡಿಗೆ ಹಾರಿದವಳು ನೆಲಕ್ಕೆ ಬರುವಾಗ ಎಡಗಾಲು ಒಳಕ್ಕೆ ಮಡಚಿತು. ಲಿಗಮೆಂಟ್ ಹರಿದಿತ್ತು. ಗಂಡ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. ಓಡಿಕೊಂಡು ಕಾಲೇಜಿನ ಹತ್ತಿರದ ಆಸ್ಪತ್ರೆಗೆ ಹೋದೆ. ಅವಳು ಹಾಸಿಗೆಯ ಮೇಲೆ, ಮಂಡಿಯ ಮೇಲೆ ಐಸ್ ಇಟ್ಟುಕೊಂಡು, ಜರ್ಸಿಯಲ್ಲೇ ಮಲಗಿದ್ದಳು. ಹಸಿರು ಜರ್ಸಿ, ಹದಿನಾಲ್ಕನೇ ನಂಬರು. ನನ್ನನ್ನು ಕಂಡದ್ದೇ ಅವಳ ಮುಖ ಕುಗ್ಗಿತು, ಸಣ್ಣ ಮಕ್ಕಳು ಅಳುವ ಮೊದಲು ಕುಗ್ಗುವ ಹಾಗೆ. ಹೋಗಿ ತಬ್ಬಿಕೊಳ್ಳಬೇಕಿತ್ತು.

"ಹೇಳಿರಲಿಲ್ವಾ ನಾನು?" ಅಂದೆ. "ಇನ್ನಾದರೂ ಓದುದರ ಕಡೆ ಗಮನ ಕೊಡು."

ಮುಖ ಹಾಗೇ ನೆಟ್ಟಗಾಯಿತು. ಅವಳು ಅಳಲಿಲ್ಲ. ಆಮೇಲೂ ನನ್ನ ಎದುರು ಅತ್ತದ್ದು ನಾನು ನೋಡಿಲ್ಲ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಮುಂದಿನ ಸೆಮಿಸ್ಟರಿಗೆ ರಜೆ ಹಾಕಿ ಮನೆಗೆ ಬಂದಳು. ಮನೆಯಲ್ಲಿ ಆಟದ ಮಾತೇ ಎತ್ತಬಾರದು ಅಂತ ಅಪ್ಪನಿಗೆ ಹೇಳಿದಳು. ಅವರು ಎತ್ತಲಿಲ್ಲ. ಮ್ಯಾಚಿಗೂ ಹೋಗಲಿಲ್ಲ. ಶನಿವಾರ ಬಂದರೆ ಗ್ಯಾರೇಜಿನಲ್ಲಿ ಏನಾದರೂ ಬಿಚ್ಚಿ, ಸೇರಿಸಿ ಹೊತ್ತು ಕಳೆಯುತ್ತಿದ್ದರು.

ಜನವರಿಯ ಒಂದು ಶನಿವಾರ ಕಾಲೇಜಿನ ಅವಳ ರೂಮು ಖಾಲಿ ಮಾಡಿಕೊಡಬೇಕಾಗಿತ್ತು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು, ಲ್ಯಾಬಿಗೆ ರಜೆ ಹಾಕಿ ನಾನೇ ಹೋದೆ. ಬಟ್ಟೆ, ಪುಸ್ತಕ ಎಲ್ಲ ಕಾರಿಗೆ ಹಾಕಿ ಆಯಿತು. ಶೂಗಳಿದ್ದ ಚೀಲ ಜಿಮ್‌ನಲ್ಲಿದೆ ಅಂದಳು ಅವಳ ರೂಮ್‌ಮೇಟ್. ಜಿಮ್ಮಿಗೆ ಹೋದರೆ ಮ್ಯಾಚ್ ನಡೆಯುತ್ತಿತ್ತು. ಚೀಲ ಕೊಡಬೇಕಾದ ಹುಡುಗಿ ತಂಡದ ಬೆಂಚಿನ ಹಿಂದೆ ನಿಂತಿದ್ದಳು. "ಹಾಫ್‌ಟೈಮ್ ತನಕ ಕಾಯ್ತೀರಾ?" ಅಂತ ಕೈಸನ್ನೆ ಮಾಡಿದಳು. ಗ್ಯಾಲರಿಯಲ್ಲಿ ಇನ್ನೂರು ಜನ ಇದ್ದಿರಬಹುದು. ಎರಡನೇ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಬಿಳಿ ಹೆಂಗಸು ಸ್ವಲ್ಪ ಸರಿದು, "ಇಲ್ಲಿ ಕೂತ್ಕೋ, ಎಲ್ಲ ಚೆನ್ನಾಗಿ ಕಾಣುತ್ತೆ" ಅಂದರು.

ಕೂತೆ. ಅವರಿಗೆ ಎಪ್ಪತ್ತೆಂಟು ವರ್ಷ ಅಂತ ಆಮೇಲೆ ಗೊತ್ತಾಯಿತು. ಸ್ಕೂಲ್ ಬಸ್ ಓಡಿಸುತ್ತಿದ್ದವರು. ಅವರ ಗಂಡ ಇದೇ ಜಿಮ್ಮಿನಲ್ಲಿ ಮೂವತ್ತು ವರ್ಷ ಆಟದ ಗಡಿಯಾರ ನೋಡಿಕೊಂಡಿದ್ದರಂತೆ, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರು ಆಟ ನೋಡುತ್ತಲೇ ನನಗೆ ಪಾಠ ಹೇಳತೊಡಗಿದರು. ಯಾರು ಯಾರನ್ನು ಕಾಯುತ್ತಿದ್ದಾರೆ, ಈ ಹುಡುಗಿ ಯಾಕೆ ಆ ಕಡೆ ಓಡಿದಳು, ಚೆಂಡು ಬರುವ ಮೊದಲೇ ಜಾಗ ಹೇಗೆ ಖಾಲಿಯಾಗುತ್ತದೆ. ಹತ್ತು ನಿಮಿಷದಲ್ಲಿ ನನಗೆ ಏನೋ ತೆರೆದುಕೊಂಡ ಹಾಗಾಯಿತು. ಬರೀ ಓಡಾಟ ಅಂದುಕೊಂಡಿದ್ದೆ, ಅದರೊಳಗೆ ಇಷ್ಟು ಯೋಚನೆ ಇತ್ತು.

"ನಿನ್ನ ಮಗಳು ಯಾರು?" ಅಂತ ಕೇಳಿದರು.

ಕೋರ್ಟಿನ ಮೇಲೆ ನನ್ನ ಮಗಳು ಇರಲಿಲ್ಲ. ಇದ್ದ ಕಾಲದಲ್ಲಿ ನಾನು ಬಂದಿರಲಿಲ್ಲ. ಅದನ್ನು ಹೇಗೆ ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಬಾಯಿಂದ, "ಯಾರೂ ಇಲ್ಲ, ಸುಮ್ಮನೆ ಬಂದೆ" ಅಂತ ಬಂದುಬಿಟ್ಟಿತು.

ಅವರಿಗೆ ಖುಷಿಯಾಯಿತು. ಮಕ್ಕಳಿಗೋಸ್ಕರ ಬರುವವರು ಮಕ್ಕಳು ಹೋದ ಮೇಲೆ ಬರುವುದಿಲ್ಲ, ಆಟಕ್ಕೋಸ್ಕರ ಬರುವವರೇ ನಿಜವಾದ ಅಭಿಮಾನಿಗಳು ಅಂದರು. ಆಮೇಲೆ ನನ್ನ ಮುಖ ನೋಡಿ, "ನಿಮ್ಮ ದೇಶದ ಒಬ್ಬಳು ಹುಡುಗಿ ಇದ್ದಳು ಇಲ್ಲಿ. ಹದಿನಾಲ್ಕನೇ ನಂಬರು. ಅವಳಂಥ ಪಾಸ್ ಕೊಡುವವಳು ಈ ತಂಡದಲ್ಲಿ ಇನ್ನು ಬರೋದಿಲ್ಲ. ಮಂಡಿ ಹೋಯ್ತು. ಅಪ್ಪ ಆ ಮೂಲೆಯಲ್ಲಿ ಒಬ್ಬರೇ ಕೂತಿರ್ತಿದ್ರು. ತಾಯಿ ಇಲ್ಲ, ಪಾಪ" ಅಂದರು.

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಮ್ಯಾಚ್ ಮುಗಿಯುವ ತನಕ ಕೂತಿದ್ದೆ. ಮನೆಗೆ ಬಂದು ಚೀಲ ಕೊಟ್ಟಾಗ ಮಗಳು ಇಷ್ಟು ಹೊತ್ತಾಯಿತೇಕೆ ಅಂದಳು. ಟ್ರಾಫಿಕ್ ಅಂದೆ.

ಮುಂದಿನ ವಾರವೇ ಶಿಫ್ಟ್ ಬದಲಾಯಿಸಿಕೊಂಡೆ. ಕೇಳಿದ ಐದು ನಿಮಿಷಕ್ಕೆ ಬದಲಾಯಿಸಿ ಕೊಟ್ಟರು. ಮನೆಯಲ್ಲಿ ಹೇಳಲಿಲ್ಲ. ನಮ್ಮ ಕಾಲೇಜಿನಲ್ಲಿ ಮ್ಯಾಚ್ ಇದ್ದ ಶುಕ್ರವಾರ, ಶನಿವಾರ ಲ್ಯಾಬಿಗೆ ಹೊರಡುವ ಹೊತ್ತಿಗೇ ಹೊರಟು, ವುಡಿನ್‌ವಿಲ್‌ಗೆ ಹೋಗುತ್ತಿದ್ದೆ. ಆ ಹೆಂಗಸು ಅಲ್ಲಿ ಮಗನ ಮನೆಯಲ್ಲಿ ಇದ್ದರು. ಮಳೆಯಲ್ಲಿ ದೂರ ಡ್ರೈವ್ ಮಾಡಲು ಅವರಿಗೆ ಕಣ್ಣು ಸಾಲುತ್ತಿರಲಿಲ್ಲ, ನಾನು ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಕಾರಿನಲ್ಲಿ ಹೋಗುತ್ತಾ ಒಂದೂವರೆ ಗಂಟೆ, ಬರುತ್ತಾ ಒಂದೂವರೆ ಗಂಟೆ. ಅಷ್ಟು ಹೊತ್ತು ಅವರು ಆಟದ ವಿಷಯ ಮಾತಾಡುತ್ತಿದ್ದರು. ನಾನು ಹೇಗಾದರೂ ಮಾಡಿ ಮಾತನ್ನು ಹದಿನಾಲ್ಕನೇ ನಂಬರಿಗೆ ತರುತ್ತಿದ್ದೆ.

"ಅವಳಿದ್ದಿದ್ದರೆ ನಿನ್ನೆ ಏನು ಮಾಡ್ತಿದ್ಲು?" ಅಂತ ಕೇಳಿದರೆ ಸಾಕು. ನನ್ನ ಮಗಳ ಬಗ್ಗೆ ನನಗೆ ಗೊತ್ತಿಲ್ಲದ್ದೆಲ್ಲ ಹಾಗೆ ತಿಳಿಯಿತು. ಎದುರಿನ ತಂಡದವಳು ಬಿದ್ದರೂ ಕೈಕೊಟ್ಟು ಎಬ್ಬಿಸುತ್ತಿದ್ದಳು ಅಂತ. ಫ್ರೀ ಥ್ರೋ ಎಸೆಯುವ ಮೊದಲು ಚೆಂಡಿಗೆ ಏನೋ ಹೇಳುತ್ತಿದ್ದಳು ಅಂತ. ಅವಳು ನಗಿಸಿದರೆ ಇಡೀ ಬೆಂಚು ನಗುತ್ತಿತ್ತು ಅಂತ. ಮನೆಯಲ್ಲಿ ಅವಳು ಯಾರನ್ನೂ ನಗಿಸಿದ್ದು ನನಗೆ ನೆನಪಿರಲಿಲ್ಲ.

ಇನ್ನೊಂದು ದಿನ ಹೇಳಿದರು: "ನನ್ನ ಗಂಡನ ಅಂತ್ಯಕ್ರಿಯೆಗೆ ಇಡೀ ತಂಡ ಬಂದಿತ್ತು. ಎಲ್ಲರೂ ಹಿಂದೆ ನಿಂತಿದ್ರು. ಆ ಹುಡುಗಿ ಮಾತ್ರ ಮುಂದೆ ಬಂದು ನನ್ನ ಪಕ್ಕ ಕೂತಳು. ಎರಡು ಗಂಟೆ ನನ್ನ ಕೈ ಬಿಡಲಿಲ್ಲ. ಫೋನ್ ಒಂದೇ ಸಮನೆ ಅಲ್ಲಾಡ್ತಿತ್ತು, ತೆಗೆದು ನೋಡಲೂ ಇಲ್ಲ."

ಫೋನ್ ಮಾಡುತ್ತಿದ್ದವಳು ನಾನು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಸಂಜೆ ಅವಳು ಕರೆ ತೆಗೆದುಕೊಂಡಾಗ, ತಾಯಿ ಅಂದರೆ ಅಷ್ಟು ಸಸಾರವಾ ಅಂತ ಹತ್ತು ನಿಮಿಷ ಬೈದಿದ್ದೆ. ಎಲ್ಲಿದ್ದೆ ಅಂತ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಕಾರು ಓಡಿಸುತ್ತಾ ವೈಪರ್ ಜೋರು ಮಾಡಿ, "ಒಳ್ಳೆ ಹುಡುಗಿ" ಅಂದೆ.

ಹೇಳಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ಹೇಳಿದರೆ ಈ ಮಾತುಗಳು ನಿಂತುಹೋಗುತ್ತವೆ ಅನ್ನಿಸುತ್ತಿತ್ತು. ಎದುರಿಗಿರುವವಳು ತಾಯಿ ಅಂತ ಗೊತ್ತಾದರೆ ಯಾರೂ ಹೀಗೆ ಮಾತಾಡುವುದಿಲ್ಲ. ಇನ್ನೂ ಒಂದು ಇತ್ತು, ಅದನ್ನೂ ಹೇಳಬೇಕು. ಆಟ ನನಗೆ ಹಿಡಿಸಿಬಿಟ್ಟಿತ್ತು. ಮಗಳ ಕತೆ ಕೇಳುವುದಕ್ಕೆ ಮಾತ್ರ ಹೋಗುತ್ತಿದ್ದೆ ಅಂದರೆ ಸುಳ್ಳಾಗುತ್ತದೆ. ಹಸಿರು ಸ್ವೆಟ್‌ಶರ್ಟ್ ಒಂದನ್ನು ಕೊಂಡು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೆ. ಮಗಳ ಜಾಗದಲ್ಲಿ ಆಡುತ್ತಿದ್ದ ಮೊದಲ ವರ್ಷದ ಹುಡುಗಿಯ ಹೆಸರು ಹಿಡಿದು ಕೂಗುವುದನ್ನೂ ಕಲಿತಿದ್ದೆ.

ಸೀಸನ್ನಿನ ಕೊನೆಯ ದಿನ ತಂಡ ಹೇಗೋ ನಾಲ್ಕನೇ ಸ್ಥಾನಕ್ಕೆ ಬಂದು ಪ್ಲೇಆಫಿಗೆ ನುಗ್ಗಿತು. ಸೆಮಿಫೈನಲ್ ಗುರುವಾರ, ಮೊದಲ ಸ್ಥಾನದ ತಂಡದ ಎದುರು, ಅವರದೇ ಊರಿನಲ್ಲಿ, ಪರ್ವತದ ಆಚೆ. ಹೋಗಿ ಬರಲು ಎರಡು ದಿನ ಬೇಕು. ಲ್ಯಾಬಿನವರು ಟ್ರೈನಿಂಗಿಗೆ ಕಳಿಸುತ್ತಿದ್ದಾರೆ ಅಂತ ಮನೆಯಲ್ಲಿ ಹೇಳಿದೆ. ಗಂಡ ಕಾರಿನ ಟೈರು ನೋಡಿ, ಹಿಮದಲ್ಲಿ ಟೈರಿಗೆ ಕಟ್ಟುವ ಚೈನು ಡಿಕ್ಕಿಯಲ್ಲಿಡಲು ಹೋದರು. ಸ್ವೆಟ್‌ಶರ್ಟ್ ಕಂಬಳಿಯ ಕೆಳಗಿತ್ತು, ಅವರ ಕಣ್ಣಿಗೆ ಬೀಳಲಿಲ್ಲ. "ಘಾಟಿಯಲ್ಲಿ ನಿಧಾನ ಹೋಗು" ಅಂದರು.

ಘಾಟಿಯಲ್ಲಿ ಹಿಮ ಬೀಳುತ್ತಿತ್ತು. ಲಾರಿಗಳೆಲ್ಲ ಬದಿಗೆ ನಿಂತಿದ್ದವು. ಪಕ್ಕದಲ್ಲಿ ಆ ಹೆಂಗಸು ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು, ಗಂಡನ ಜೊತೆ ಇದೇ ದಾರಿಯಲ್ಲಿ ಹೋದ ಹಳೆಯ ಪ್ಲೇಆಫ್‌ಗಳನ್ನೆಲ್ಲ ಹೇಳುತ್ತಿದ್ದರು. ನಮ್ಮ ಹಾಗೆಯೇ ಕಾರಿನಲ್ಲಿ ಬಂದವರು ಐವತ್ತು ಜನ ಇದ್ದರು. ಆಟಗಾರ್ತಿಯರ ಅಪ್ಪ ಅಮ್ಮ, ಹಳೆ ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು. ನಮ್ಮನ್ನೆಲ್ಲ ಕೋರ್ಟಿನ ಆಚೆ ಬದಿಯಲ್ಲಿ, ನೆಲಕ್ಕೆ ಹತ್ತಿರದ ಸಾಲುಗಳಲ್ಲಿ ಕೂರಿಸಿದರು.

ನಮ್ಮವರು ಮೊದಲಿಂದ ಹಿಂದೆಯೇ ಇದ್ದರು. ಕೊನೆಯ ಎರಡು ನಿಮಿಷದಲ್ಲಿ ಹತ್ತಿರ ಬಂದರು. ಆರು ಸೆಕೆಂಡ್ ಉಳಿದಿತ್ತು, ಒಂದು ಪಾಯಿಂಟ್ ಹಿಂದೆ. ಚೆಂಡು ಮೊದಲ ವರ್ಷದ ಆ ಹುಡುಗಿಯ ಕೈಗೆ ಬಂತು. ಇಬ್ಬರ ನಡುವೆ ನುಗ್ಗಿ ಎಸೆದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಬಂದು ಒಳಗೆ ಬಿತ್ತು. ನಾನು ಬೆಂಚಿನ ಮೇಲೆ ಹತ್ತಿದ್ದೆ. ಆ ಹುಡುಗಿಯ ಹೆಸರು ಕೂಗುತ್ತಾ, ಎರಡೂ ಕೈ ಮೇಲೆತ್ತಿ, ಕುಣಿಯುತ್ತಿದ್ದೆ. ನಲವತ್ತು ದಾಟಿದ ಮೇಲೆ ನಾನು ಹಾಗೆ ಸಂತೋಷಪಟ್ಟಿರಲಿಲ್ಲ. ಆ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತರು.

ಆಟಗಾರ್ತಿಯರು ಸಾಲಾಗಿ ಕೈಕುಲುಕುತ್ತಿದ್ದಾಗ ಫೋನ್ ಸದ್ದಾಯಿತು. ಮಗಳ ಮೆಸೇಜ್. ಇಂಗ್ಲಿಷಿನಲ್ಲಿ ಎರಡೇ ಪದ. ಸ್ವೆಟ್‌ಶರ್ಟ್ ಚೆನ್ನಾಗಿದೆ, ಅಂತ.

ಈ ಕಾಲೇಜುಗಳು ಮ್ಯಾಚನ್ನು ಇಂಟರ್‌ನೆಟ್‌ನಲ್ಲಿ ನೇರ ತೋರಿಸುತ್ತವೆ. ಒಂದೇ ಕ್ಯಾಮೆರಾ, ಒಂದೇ ಬದಿಯಿಂದ. ನಮ್ಮ ಕಾಲೇಜಿನಲ್ಲಿ ಅದು ನಾವು ಕೂರುವ ಸಾಲಿನ ಮೇಲೆಯೇ ಇತ್ತು, ಹಾಗಾಗಿ ನಾನು ಕಾಣುತ್ತಿರಲಿಲ್ಲ. ಇಲ್ಲಿ ಅದು ನಮ್ಮ ಎದುರಿಗಿತ್ತು. ಮನೆಯಲ್ಲಿ ಆಟದ ಹೆಸರೆತ್ತಬಾರದು ಅಂದವಳು ತನ್ನ ರೂಮಿನ ಬಾಗಿಲು ಹಾಕಿಕೊಂಡು ಎಲ್ಲ ಮ್ಯಾಚನ್ನೂ ನೋಡುತ್ತಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ವಾಪಸ್ ಬರುವಾಗ ನಾನು ಮಾತಾಡಲಿಲ್ಲ. ನಿದ್ದೆ ಇಲ್ಲದ್ದಕ್ಕೆ ಹಾಗೆ ಅಂದುಕೊಂಡರು ಅವರು. "ಹದಿನಾಲ್ಕು ಇದ್ದಿದ್ದರೆ ನಿನ್ನೆ ಎಷ್ಟು ಖುಷಿಪಡ್ತಿದ್ಲು" ಅಂದರು. ಮನೆ ಸೇರುವ ಮೊದಲು ಹೇಳಲು ಅದು ಕೊನೆಯ ಅವಕಾಶ ಆಗಿತ್ತು, ಹೇಳಲಿಲ್ಲ. ಅವರನ್ನು ವುಡಿನ್‌ವಿಲ್‌ನಲ್ಲಿ ಇಳಿಸಿ ಮಧ್ಯಾಹ್ನ ಮನೆಗೆ ಬಂದೆ.

ಮಗಳು ಅಡುಗೆಮನೆಯ ಟೇಬಲ್ ಹತ್ತಿರ, ಬ್ರೇಸ್ ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದಳು. ಗಂಡ ಸಿಂಕಿನ ಹತ್ತಿರ ನಿಂತಿದ್ದರು. ಅವಳು ಕೂಗಾಡಲಿಲ್ಲ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಭಾಷೆ ಬರದವರಿಗೆ ಬಿಡಿಸಿ ಹೇಳುವ ಹಾಗೆ ಕೇಳಿದಳು.

"ನಾನು ಆಡ್ತಿದ್ದಾಗ ನೀನು ಎಷ್ಟು ಮ್ಯಾಚ್ ನೋಡಿದ್ದೆ?"

"ಮೂರು."

"ಎರಡು. ಮೂರನೇದರಲ್ಲಿ ಹಾಫ್‌ಟೈಮ್‌ಗೆ ಎದ್ದು ಹೋದೆ. ಈ ಎರಡು ತಿಂಗಳಲ್ಲಿ ಎಷ್ಟು ನೋಡಿದೆ?"

ನಾನು ಕಾರಿನ ಕೀಲಿಯನ್ನು ಟೇಬಲ್ ಮೇಲೆ ಇಟ್ಟೆ.

"ಎಲ್ಲ ನೋಡಿದ್ದೀಯ ಅಲ್ವಾ? ಅವಳ ಹೆಸರು ಕೂಗ್ತಿದ್ದೆ. ಸೌಂಡ್ ಇರಲಿಲ್ಲ, ಆದ್ರೆ ತುಟಿ ನೋಡಿ ಗೊತ್ತಾಯ್ತು. ನನ್ನ ಹೆಸರು ಯಾವತ್ತಾದ್ರೂ ಕೂಗಿದ್ದೀಯಾ?"

"ನಿನ್ನ ಬಗ್ಗೆ ಕೇಳ್ಲಿಕ್ಕೆ ಹೋಗ್ತಿದ್ದೆ" ಅಂದೆ. "ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ, ನಿನಗೆ ಗೊತ್ತು. ಅವರು ನಿನ್ನ ವಿಷಯ ಹೇಳ್ತಾರೆ. ಅದಕ್ಕೇ..."

ಅವಳಿಗೆ ಯಾರು ಅಂತ ತಕ್ಷಣ ಗೊತ್ತಾಯಿತು. "ಅವರಿಗೆ ನೀನು ಯಾರು ಅಂತ ಹೇಳಿದ್ದೀಯಾ?"

"ಇಲ್ಲ."

"ಯಾರು ಅಂದ್ಕೊಂಡಿದ್ದಾರೆ?"

"ಯಾರೂ ಅಲ್ಲ ಅಂತ."

ಅವಳು ತಲೆ ಆಡಿಸಿದಳು. "ನನ್ನ ಬಗ್ಗೆ ಕೇಳೋದಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡ್ತಿದ್ದೆ. ನಾನು ಇಲ್ಲೇ ಮೇಲಿನ ರೂಮಿನಲ್ಲಿದ್ದೆ, ಅಮ್ಮ."

'ಅಮ್ಮ' ಅನ್ನುವುದೊಂದೇ ಕನ್ನಡ. ಅವಳು ಎದ್ದು, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಗಂಡ ಬಹಳ ಹೊತ್ತು ಒಂದೇ ಲೋಟ ತೊಳೆದರು. ಆಮೇಲೆ, "ನಂಗೆ ಹೇಳಿದ್ರೆ ನಾನೂ ಬರ್ತಿದ್ದೆ" ಅಂದರು. ಎರಡು ತಿಂಗಳು ಮಗಳಿಗೋಸ್ಕರ ಗ್ಯಾರೇಜಿನಲ್ಲಿ ಕೂತ ಮನುಷ್ಯ.

"ನಿಮ್ಮ ಫೋನಿನಲ್ಲಿ ಅವಳ ವಿಡಿಯೋ ಉಂಟಲ್ಲ, ನಂಗೆ ತೋರಿಸಿ" ಅಂದೆ. ಕೇಳಿದರೆ ನನಗೆ ಕಳಿಸಿದ್ದನ್ನು ಅಳಿಸಿದ್ದು ಹೇಳಬೇಕಾಗುತ್ತದಲ್ಲ ಅಂತ ಅಲ್ಲಿಯ ತನಕ ಕೇಳಿರಲಿಲ್ಲ.

"ಎಲ್ಲಿ ಉಂಟು?" ಅಂದರು. "ಆಪರೇಷನ್ ಆಗಿ ಬಂದ ವಾರವೇ ನನ್ನ ಕೈಯಲ್ಲಿ ಎಲ್ಲ ಡಿಲೀಟ್ ಮಾಡಿಸಿದ್ಲು, ಎದುರಿಗೆ ಕೂತು. ಹೋಗ್ಲಿ, ನಿನ್ನ ಹತ್ರ ಉಂಟಲ್ಲ, ನಾನು ಎಲ್ಲ ಕಳಿಸಿದ್ದೆ ಅಂತ ಧೈರ್ಯ ಮಾಡಿದೆ."

ಆಗ ಹೇಳಲೇಬೇಕಾಯಿತು. ಅವರು ನನ್ನ ಮೇಲೆ ರೇಗಿದ್ದರೆ ವಾಸಿ ಇತ್ತು. ಲೋಟ ಬೋರಲು ಹಾಕಿ ಹೊರಗೆ ಹೋದರು. ಕಾಲೇಜಿನ ವೆಬ್‌ಸೈಟಿನಲ್ಲಿ ನಾನು ಮೊದಲೇ ಹುಡುಕಿದ್ದೆ. ಹಳೆಯ ಮ್ಯಾಚುಗಳ ವಿಡಿಯೋಗಳನ್ನೆಲ್ಲ ತೆಗೆದುಹಾಕಿದ್ದರು. ನನ್ನ ಮಗಳು ಆಡಿದ್ದು ಈಗ ಎಲ್ಲೂ ಇಲ್ಲ.

ಫೈನಲ್ ಶನಿವಾರ, ಬೇರೆ ಕಾಲೇಜಿನಲ್ಲಿ. ಬೆಳಗ್ಗೆ ಎದ್ದು ಬಂದಾಗ ಅಪ್ಪ ಮಗಳು ಇಬ್ಬರೂ ತಯಾರಾಗಿದ್ದರು. ಅವಳು ಜರ್ಸಿ ಹಾಕಿಕೊಂಡಿದ್ದಳು. ಗಂಡ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದರು. ನೀನೂ ಬಾ ಅಂತ ಇಬ್ಬರೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ವುಡಿನ್‌ವಿಲ್‌ಗೆ ಫೋನ್ ಮಾಡಿ ಮೈಗೆ ಹುಷಾರಿಲ್ಲ ಅಂದೆ. ಮಗನೇ ಕರೆದುಕೊಂಡು ಹೋಗುತ್ತಾನೆ, ನೀನು ಮಲಕ್ಕೋ, ಆಮೇಲೆ ಎಲ್ಲ ಹೇಳ್ತೀನಿ ಅಂದರು. ಲ್ಯಾಬಿಗೆ ಹೋದೆ. ಜನ ಕಮ್ಮಿ ಇದ್ದರು, ಬಂದದ್ದು ಒಳ್ಳೆಯದಾಯಿತು ಅಂದರು ಅಲ್ಲಿ. ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ ಮಧ್ಯೆ ಮಧ್ಯೆ ಫೋನಿನಲ್ಲಿ ಸ್ಕೋರು ನೋಡಿದೆ. ನಾಲ್ಕು ಪಾಯಿಂಟಿನಲ್ಲಿ ಸೋತರು. ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ.

ಸಂಜೆ ಅಪ್ಪ ಮಗಳು ಬಂದರು. ಮಗಳು ಊಟ ಮಾಡಿ ಮೇಲೆ ಹೋದಳು. ಅವಳ ಕಣ್ಣು ಅತ್ತ ಹಾಗೆ ಕಾಣುತ್ತಿತ್ತು. ಹಾಗಾದರೆ ಅವಳು ಅಲ್ಲಿ ಅತ್ತಿದ್ದಳು, ತಂಡದವರ ಎದುರು.

"ಅಜ್ಜಿ ಸಿಕ್ಕಿದ್ರಾ?" ಅಂತ ಗಂಡನನ್ನು ಕೇಳಿದೆ.

"ಸಿಕ್ಕಿದ್ರು. ಇವಳನ್ನ ತಬ್ಬಿ ಬಿಡ್ಲೇ ಇಲ್ಲ." ಫ್ಲಾಸ್ಕನ್ನು ಸಿಂಕಿನಲ್ಲಿಟ್ಟು ಹೇಳಿದರು: "ನಿನ್ನ ವಿಷಯ ಬಂತು. ನಿಮ್ಮ ಕಡೆಯ ಒಬ್ಬಳು ನನ್ನ ಸ್ನೇಹಿತೆ ಇದ್ದಾಳೆ, ನಿನ್ನ ಬಗ್ಗೆ ಯಾವಾಗ್ಲೂ ಕೇಳ್ತಾಳೆ, ಇವತ್ತು ಹುಷಾರಿಲ್ಲ ಅಂತ ಬರಲಿಲ್ಲ, ನಿನಗೆ ಗೊತ್ತಾ ಅಂತ ಇವಳನ್ನ ಕೇಳಿದ್ರು."

"ಎಂತ ಹೇಳಿದ್ಲು?"

"ಗೊತ್ತಿಲ್ಲ ಅಂದ್ಲು."

"ನೀವು?"

"ನಾನೆಂತ ಹೇಳುದು? ನೀನೇ ಹೇಳದೇ ಇದ್ದದ್ದನ್ನ?"

ಆ ಸೆಪ್ಟೆಂಬರಿಗೆ ಮಗಳು ಕಾಲೇಜಿಗೆ ವಾಪಸ್ ಹೋದಳು, ಆಟಕ್ಕಲ್ಲ, ಓದುವುದಕ್ಕೆ. ಮಂಡಿ ಆಟಕ್ಕೆ ಆಗುವ ಹಾಗಿರಲಿಲ್ಲ. ನಾನು ಬಯಸಿದ್ದು ಅದೇ ಆಗಿತ್ತು ಅಂತ ಯಾರಾದರೂ ಹೇಳಬಹುದಿತ್ತು, ಯಾರೂ ಹೇಳಲಿಲ್ಲ. ನವೆಂಬರಿನಲ್ಲಿ ಹೊಸ ಸೀಸನ್ ಶುರುವಾಗುವ ಮೊದಲು ನಾನು ವುಡಿನ್‌ವಿಲ್‌ಗೆ ಹೋದೆ. ಆ ಹೆಂಗಸು ನನ್ನನ್ನು ಕಂಡು ಸಂತೋಷದಿಂದ ಚಹಾ ಮಾಡಿದರು. ಕಪ್ಪು ಮುಟ್ಟುವ ಮೊದಲೇ ಹೇಳಿದೆ. ಹದಿನಾಲ್ಕು ನನ್ನ ಮಗಳು ಅಂತ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಕೆಂಪಾಯಿತು.

"ತಾಯಿ ಇಲ್ಲ ಅಂತ ನಾನು ನಿನ್ನ ಎದುರಿಗೇ ಹೇಳಿದೆ" ಅಂದರು.

"ಹೌದು."

"ಎಷ್ಟು ಸಲ ಹೇಳಿದೆ. ಆ ಮಗುವಿಗೆ ತಾಯಿ ಇಲ್ಲ ಅಂತ ನಾನು ಅವಳನ್ನ ಹೆಚ್ಚು ಹಚ್ಚಿಕೊಂಡಿದ್ದೆ. ನೀನು ಕೇಳಿಸ್ಕೊಂಡು ಕೂತಿದ್ದೆ."

"ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ."

"ಅವಳಿಗೆ ಗೊತ್ತಿತ್ತಾ? ಫೈನಲ್ ದಿನ ನಾನು ಕೇಳಿದಾಗ?"

ಗೊತ್ತಿತ್ತು ಅಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಮಳೆಯಲ್ಲಿ ಮಗನ ಕಾರು ನಿಂತಿತ್ತು. ಕೊನೆಗೆ, "ಅವಳ ಬಗ್ಗೆ ನಿನಗೆ ಹೇಳೋದಕ್ಕೆ ನನ್ನ ಹತ್ತಿರ ಇನ್ನೇನೂ ಇಲ್ಲ. ಬೇಕಿದ್ದರೆ ಅವಳನ್ನೇ ಕೇಳು" ಅಂದರು. ಚಹಾ ಹಾಗೇ ಉಳಿಯಿತು. ಆಮೇಲೆ ನಾನು ಅವರನ್ನು ನೋಡಿಲ್ಲ. ಜಿಮ್ಮಿಗೂ ಹೋಗಿಲ್ಲ.

ಮಗಳನ್ನು ಕೇಳಿದೆ. ಎರಡು ಸಲ ಕೇಳಿದೆ. ಮೊದಲ ಸಲ, "ಈಗ ಯಾಕೆ?" ಅಂದಳು. ಎರಡನೇ ಸಲ, ಓದುವುದಿದೆ ಅಂದಳು.

ಈಗ ಅವಳು ಪೋರ್ಟ್‌ಲ್ಯಾಂಡ್‌ನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಭಾನುವಾರ ಅಪ್ಪನ ಫೋನಿಗೆ ಕಾಲ್ ಮಾಡುತ್ತಾಳೆ. ಅವರು ಸ್ಪೀಕರ್ ಹಾಕಿ ಟೇಬಲ್ ಮೇಲೆ ಇಡುತ್ತಾರೆ, ನನಗೂ ಕೇಳಲಿ ಅಂತ. ಹೋದ ಭಾನುವಾರ ಅವಳ ದನಿ ಹಗುರವಾಗಿತ್ತು. "ಅಪ್ಪಾ, ನಮ್ಮವರು ಮತ್ತೆ ಪ್ಲೇಆಫಿಗೆ ಬಂದಿದ್ದಾರೆ, ಗೊತ್ತಾ?" ಅಂದಳು. ಗಂಡ ನನ್ನ ಮುಖ ನೋಡಿದರು. ನನಗೆ ಗೊತ್ತಿತ್ತು. ಹಿಂದಿನ ದಿನದ ಮ್ಯಾಚನ್ನು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನಲ್ಲಿ ಕೂತು, ಫೋನಿನಲ್ಲಿ ಕೊನೆಯ ತನಕ ನೋಡಿದ್ದೆ. ಎರಡನೇ ಸ್ಥಾನಕ್ಕೆ ಬಂದಿದ್ದಾರೆ, ಸೆಮಿಫೈನಲ್ ತಮ್ಮದೇ ಜಿಮ್ಮಿನಲ್ಲಿ, ಆ ಮೊದಲ ವರ್ಷದ ಹುಡುಗಿ ಈಗ ಕ್ಯಾಪ್ಟನ್, ಎಡಗಡೆಯಿಂದ ನುಗ್ಗುವುದನ್ನು ಇನ್ನೂ ಕಲಿತಿಲ್ಲ. ಎಲ್ಲ ಬಾಯ ತನಕ ಬಂತು.

"ಹೌದಾ?" ಅಂದೆ. "ನಂಗೆ ಗೊತ್ತಿರಲಿಲ್ಲ."

ಗಂಡ ಫೋನನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು.

"ಊಟ ಆಯ್ತಾ?" ಅಂತ ಕೇಳಿದೆ.

ಆಯಿತು ಅಂದಳು, ಇಂಗ್ಲಿಷಿನಲ್ಲಿ.